ವಿಧಾನಸೌಧದ ರಾತ್ರಿ ಫೋಟೋ: ದೀಪ ತೆಗೀಬೇಡಿ, ಕಲ್ಲು ತೆಗೀರಿ

ಎಲ್ರಿಗೂ ನಮಸ್ಕಾರ. ಇದು ನಮ್ಮ ಫೋಟೋಗ್ರಫಿ ಗೆಳೆಯರ ಕೂಟದಲ್ಲಿ ಸ್ಲೈಡ್ ತೋರಿಸ್ಕೊಂಡು ಮಾತಾಡಿದ್ದು, ಬರೋಕಾಗದೇ ಇದ್ದೋರು ಬರೆದು ಹಾಕಿ ಅಂತ ಕೇಳಿದ್ರು ಅಂತ ಕೂತು ಬರೀತಿದೀನಿ. ಸ್ಲೈಡ್ ಇಲ್ಲಿಲ್ಲ, ಹಾಗಾಗಿ ಅಲ್ಲಿ ಬೆರಳು ತೋರಿಸಿ ಹೇಳಿದ್ದನ್ನ ಇಲ್ಲಿ ಮಾತಲ್ಲೇ ಹೇಳ್ಬೇಕು, ಸ್ವಲ್ಪ ಉದ್ದ ಆಗತ್ತೆ. ಮಧ್ಯೆ ಮಧ್ಯೆ ಬಂದ ಪ್ರಶ್ನೆಗಳನ್ನ ಅಲ್ಲಲ್ಲೇ ಬಿಟ್ಟಿದೀನಿ.

ಬೆಂಗಳೂರಲ್ಲಿ ಹೊಸದಾಗಿ ಕ್ಯಾಮೆರಾ ತಗೊಂಡವರು, ಹೊಸದಾಗಿ ಟ್ರೈಪಾಡ್ ತಗೊಂಡವರು, ರಾತ್ರಿ ಫೋಟೋ ಅಂತ ಮೊದಲು ಹೋಗೋದೇ ವಿಧಾನಸೌಧದ ಮುಂದಕ್ಕೆ. ಹೋಗಿ ಎಲ್ರೂ ಒಂದೇ ಫೋಟೋ ತಗೊಂಡ್ ಬರ್ತಾರೆ. ಮೇಲೆ ಪೂರ್ತಿ ಕಪ್ಪು ಆಕಾಶ, ಮಧ್ಯದಲ್ಲಿ ಹಳದಿಯೋ ನೇರಳೆಯೋ ಆಗಿ ಉರೀತಾ ಇರೋ ಕಟ್ಟಡ, ಕೆಳಗೆ ಬಿಎಂಟಿಸಿ ಬಸ್ಸು ಎಳ್ಕೊಂಡು ಹೋದ ಕೆಂಪು ಗೆರೆ. ಚೆನ್ನಾಗಿಲ್ಲ ಅಂತ ನಾನು ಹೇಳ್ತಿಲ್ಲ, ಲೈಕ್ ಬೀಳತ್ತೆ, ಮನೇಲಿ ತೋರಿಸಿದ್ರೆ ಖುಷಿ ಪಡ್ತಾರೆ. ಆದ್ರೆ ಅದು ವಿಧಾನಸೌಧದ ಫೋಟೋ ಅಲ್ಲ, ಅವತ್ತು ಅಲ್ಲಿ ಹಾಕಿದ್ದ ಲೈಟಿಂಗ್ ಫೋಟೋ. ಅದೇ ಲೈಟ್ ತಗೊಂಡ್ಹೋಗಿ ಯಾವ್ದೋ ಮಾಲ್ ಮೇಲೆ ಹಾಕಿದ್ರೂ ಹಾಗೇ ಕಾಣ್ತಿತ್ತು. ಇವತ್ತು ನಾನು ಹೇಳೋಕೆ ಬಂದಿರೋದು ಇದೊಂದೇ, ರಾತ್ರಿ ಆ ಕಟ್ಟಡದ ಕಲ್ಲನ್ನ ಹೇಗೆ ಉಳಿಸ್ಕೊಳ್ಳೋದು ಅಂತ. ಬಾಕಿ ಟೆಕ್ನಿಕ್ ಎಲ್ಲ ಅದ್ರ ಹಿಂದೆ ಬರತ್ತೆ.

ಕಲ್ಲಿನ ಬಗ್ಗೆ ಯಾಕೆ ಇಷ್ಟು ಹಟ ಅಂದ್ರೆ, ಆ ಕಟ್ಟಡ ಇರೋದೇ ಕಲ್ಲಿನ ಹಟದಿಂದ. 1951ರ ಜುಲೈ 13ಕ್ಕೆ ನೆಹರೂ ಬಂದು ಅಡಿಗಲ್ಲು ಹಾಕಿದ್ರು, ಆಗ ಮುಖ್ಯಮಂತ್ರಿ ಕೆ.ಸಿ. ರೆಡ್ಡಿ. ಆಮೇಲೆ 1952ರಲ್ಲಿ ಕೆಂಗಲ್ ಹನುಮಂತಯ್ಯ ಬಂದ್ರು, ಬಂದವರೇ ಹಳೇ ಪ್ಲ್ಯಾನ್ ಸಾಲದು ಅಂದ್ರು, ವಾಸ್ತುಶಿಲ್ಪಿ ಬಿ.ಆರ್. ಮಾಣಿಕ್ಯಂ ಅವರ ಕೈಲಿ ದ್ರಾವಿಡ ದೇವಸ್ಥಾನದ ಶೈಲಿ ಎಲ್ಲ ಸೇರಿಸಿ ದೊಡ್ಡದಾಗಿ ಮಾಡ್ಸಿದ್ರು. ಎದುರುಗಡೆ ರಸ್ತೆ ದಾಟಿದ್ರೆ ಅಠಾರಾ ಕಚೇರಿ, ಅಂದ್ರೆ ಈಗಿನ ಹೈಕೋರ್ಟು, 1868ರಲ್ಲಿ ಮುಗಿದಿದ್ದು, ಕೆಂಪು ಬಣ್ಣ, ಉದ್ದಕ್ಕೆ ಗ್ರೀಕ್ ಥರದ ಕಂಬಗಳು. ಬ್ರಿಟಿಷರ ಕಾಲದ ಆ ಕಟ್ಟಡದ ಮುಖಕ್ಕೆ ಮುಖ ಕೊಟ್ಟು ನಮ್ದೇ ಶೈಲಿಯದ್ದೊಂದು ನಿಲ್ಲಿಸ್ಬೇಕು ಅನ್ನೋ ಛಲ ಈ ಕಡೆಯ ಒಂದೊಂದು ಕಲ್ಲಲ್ಲೂ ಕಾಣತ್ತೆ. ಬೆಂಗಳೂರು ಸುತ್ತಮುತ್ತಲ ಬೂದು ಗ್ರಾನೈಟು, ಅಲಂಕಾರಕ್ಕೆ ಮಾಗಡಿಯ ನಸುಗೆಂಪು ಕಲ್ಲು, ತುರುವೇಕೆರೆ ಕಡೆಯ ಹಸಿರುಗಪ್ಪು ಕಲ್ಲು. ಕೆತ್ತಿದವರು ಶಿಲ್ಪಿಗಳು, ಕಲ್ಲುಕುಟಿಗರು, ಜೊತೆಗೆ ಕೂಲಿ ಕೆಲಸಕ್ಕೆ ಜೈಲಿಂದ ತಂದ ಸಾವಿರಾರು ಕೈದಿಗಳು. 1956ರಲ್ಲಿ ಕೆಲಸ ಮುಗೀತು, ಖರ್ಚು ಒಂದು ಮುಕ್ಕಾಲು ಕೋಟಿ ದಾಟಿತ್ತು, ಆ ಕಾಲಕ್ಕೆ ಅದು ದೊಡ್ಡ ಗಲಾಟೆ. ಕೆಂಗಲ್ ಅವರು ಅದೇ ವರ್ಷ ಆಗಸ್ಟ್‌ನಲ್ಲಿ ಕುರ್ಚಿ ಬಿಟ್ಟಿದ್ರು, ತಾವು ಕಟ್ಟಿಸಿದ ಮನೇಲಿ ಮುಖ್ಯಮಂತ್ರಿಯಾಗಿ ಕೂರೋ ಯೋಗ ಅವರಿಗೆ ಬರ್ಲಿಲ್ಲ.

ಇದೆಲ್ಲ ಫೋಟೋಗೆ ಯಾಕೆ ಬೇಕು ಅಂತ ಒಬ್ರು ಅಲ್ಲೇ ಕೇಳಿದ್ರು. ಬೇಕು ಸಾರ್. ಯಾಕಂದ್ರೆ ಈ ಕೆತ್ತನೆ ಮಾಡಿದವರು ಬೆಳಕು ಮೇಲಿಂದ ಬರತ್ತೆ ಅಂತ ಲೆಕ್ಕ ಹಾಕಿ ಮಾಡಿದಾರೆ. ಸೂರ್ಯನ ಲೆಕ್ಕ. ಛಜ್ಜಾ, ಅಂದ್ರೆ ಗೋಡೆಯಿಂದ ಹೊರಬಂದ ಕಲ್ಲಿನ ಸೂರು, ಮುಂದಕ್ಕೆ ಚಾಚಿರತ್ತೆ, ಅದರ ಕೆಳಗೆ ನೆರಳು ಬೀಳತ್ತೆ, ಆ ನೆರಳಿಂದ ಕೆಳಗಿನ ಪಟ್ಟಿ ಬೇರೆಯಾಗಿ ಕಾಣತ್ತೆ, ಬೋದಿಗೆಯ (ಕಂಬದ ತಲೆ ಮೇಲಿನ ಕೆತ್ತನೆ ಕಲ್ಲು) ತಿರುವು ಕಾಣತ್ತೆ, ಕಂಬದ ದುಂಡಗಿನ ಮೈ ಕಾಣತ್ತೆ. ಪೂರ್ವದ ಮುಖಮಂಟಪದಲ್ಲಿ 40 ಅಡಿ ಎತ್ತರದ 12 ಕಂಬ ಇದಾವಲ್ಲ, ಬೆಳಿಗ್ಗೆ ಎಂಟು ಗಂಟೆ ಬಿಸಿಲಲ್ಲಿ ಹೋಗಿ ನೋಡಿ, ಒಂದೊಂದೂ ಎದ್ದು ನಿಂತಿರತ್ತೆ. ರಾತ್ರಿ ಏನಾಗತ್ತೆ? ಫ್ಲಡ್‌ಲೈಟ್ ಇಡೋದು ನೆಲದ ಮೇಲೆ, ಬೆಳಕು ಹೋಗೋದು ಕೆಳಗಿಂದ ಮೇಲಕ್ಕೆ. ನೆರಳೆಲ್ಲ ಉಲ್ಟಾ. ಎಲ್ಲಿ ಕಪ್ಪಿರಬೇಕೋ ಅಲ್ಲಿ, ಅಂದ್ರೆ ಛಜ್ಜಾದ ಹೊಟ್ಟೆ ಕೆಳಗೆ, ಬೆಳಕು ಜಾಸ್ತಿ ಹೊಡಿಯತ್ತೆ, ಎಲ್ಲಿ ಹೊಳೀಬೇಕೋ ಅಲ್ಲಿ ಕತ್ತಲು. ಚಿಕ್ಕವರಿದ್ದಾಗ ಕರೆಂಟ್ ಹೋದಾಗ ಗಲ್ಲದ ಕೆಳಗೆ ಟಾರ್ಚ್ ಹಿಡ್ಕೊಂಡು ತಮ್ಮ ತಂಗೀನ ಹೆದರಿಸ್ತಿದ್ವಲ್ಲ, ಅದೇ ಕತೆ, ಮುಖ ಗುರುತು ಸಿಗಲ್ಲ.

ಮೈಸೂರು ಅರಮನೆ ಬೇರೆ ಕೇಸು, ಎರಡನ್ನೂ ಸೇರಿಸ್ಬೇಡಿ. ಅಲ್ಲಿ ಲಕ್ಷದ ಹತ್ರ ಹತ್ರ ಸಣ್ಣ ಬಲ್ಬು, ಕಟ್ಟಡದ ಅಂಚಿಗೆ ಕಟ್ಟಿರೋದು. ಬಲ್ಬು ಗೆರೆ ಎಳೆಯತ್ತೆ, ಕಮಾನು, ಗೋಪುರ, ಕಿಟಕಿ ಎಲ್ಲಾದಕ್ಕೂ ರೇಖಾಚಿತ್ರ ಸಿಗತ್ತೆ, ಗೋಡೆ ಕಾಣದಿದ್ರೂ ಆಕಾರ ಉಳಿಯತ್ತೆ. ಅಲ್ಲಿ ದೀಪವೇ ಫೋಟೋದ ವಿಷಯ, ಸರಿ. ವಿಧಾನಸೌಧದಲ್ಲಿ ಹಾಗಲ್ಲ, ಇಲ್ಲಿ ಬೆಳಕು ಮೈ ಮೇಲೆ ಸುರಿಯತ್ತೆ. ಸುರಿದ ಬೆಳಕು ಜಾಸ್ತಿಯಾದ್ರೆ ಮೈಯೇ ಕಾಣಲ್ಲ.

ಇನ್ನು ದೀಪದ ಕತೆ. ಭಾನುವಾರ, ಸರ್ಕಾರಿ ರಜಾದಿನ ಸಂಜೆ ದೀಪ ಹಾಕೋದು ಹಳೇ ರೂಢಿ, ಹಳದಿ ಬೆಳಕು, ಬಹಳ ಜನ ನೆನಪಲ್ಲಿಟ್ಟುಕೊಂಡಿರೋದು ಅದೇ. ಸ್ವಾತಂತ್ರ್ಯ ದಿನ, ರಾಜ್ಯೋತ್ಸವ ಬಂದ್ರೆ ಸ್ಪೆಷಲ್. 2025ರ ಏಪ್ರಿಲ್‌ನಲ್ಲಿ ಬಣ್ಣ ಬದಲಾಗೋ ಶಾಶ್ವತ ಎಲ್‌ಇಡಿ ವ್ಯವಸ್ಥೆ ಬಂತು. ಜನಕ್ಕೆ ಇಷ್ಟ ಆಗಿದೆ, ಸೆಲ್ಫಿ ತಗೊಳ್ಳೋಕೆ ಜನ ಸೇರ್ತಾರೆ, ನಂಗೆ ಅದ್ರ ಮೇಲೆ ಕೋಪ ಇಲ್ಲ. ಆದ್ರೆ ಫೋಟೋಗ್ರಾಫರ್ ಆಗಿ ಹೇಳ್ಬೇಕಂದ್ರೆ, ಬೂದು ಗ್ರಾನೈಟಿಗೆ ಅಚ್ಚ ನೀಲಿ ಬೆಳಕು ಬಿಟ್ರೆ ಅದು ಗ್ರಾನೈಟ್ ಆಗಿ ಉಳಿಯಲ್ಲ, ಸಿನಿಮಾ ಪರದೆ ಆಗತ್ತೆ. ಯಾವ ದಿನ ಎಷ್ಟು ಗಂಟೆಗೆ ಹಾಕ್ತಾರೆ ಅನ್ನೋದು ಬದಲಾಗ್ತಾ ಇರತ್ತೆ, ಆದ್ದರಿಂದ ಹೋಗೋ ವಾರ ವಿಚಾರಿಸ್ಕೊಂಡು ಹೋಗಿ.

ಈಗ ಸಮಯಕ್ಕೆ ಬರೋಣ, ನನ್ನ ಪ್ರಕಾರ ಅರ್ಧ ಕೆಲಸ ಇಲ್ಲೇ ಇರೋದು. ಇಂಗ್ಲಿಷ್ ಯೂಟ್ಯೂಬ್ ವಿಡಿಯೋಗಳಲ್ಲಿ ಬ್ಲೂ ಅವರ್ ಬ್ಲೂ ಅವರ್ ಅಂತ ಹೇಳ್ತಾರಲ್ಲ, ಸೂರ್ಯ ಮುಳುಗಿದ ಮೇಲೆ ಆಕಾಶ ಗಾಢ ನೀಲಿ ಇರೋ ಹೊತ್ತಿಗೆ, ಅವರು ಲಂಡನ್ನಲ್ಲೋ ನಾರ್ವೆಯಲ್ಲೋ ನಿಂತು ಹೇಳ್ತಿರ್ತಾರೆ. ಅಲ್ಲಿ ಬೇಸಿಗೇಲಿ ಸೂರ್ಯ ಓರೆಯಾಗಿ ಜಾರ್ಕೊಂಡು ಇಳೀತಾನೆ, ಲಂಡನ್ನಲ್ಲಿ ಜೂನ್ ತಿಂಗಳ ಮುಸ್ಸಂಜೆ ಮುಕ್ಕಾಲು ಗಂಟೆ ಎಳೆಯತ್ತೆ. ನಾವಿರೋದು 13 ಡಿಗ್ರಿ ಅಕ್ಷಾಂಶದಲ್ಲಿ, ಇಲ್ಲಿ ಸೂರ್ಯ ಹೆಚ್ಚುಕಮ್ಮಿ ನೆಟ್ಟಗೆ ಇಳೀತಾನೆ, ಮುಳುಗಿ 21ರಿಂದ 24 ನಿಮಿಷದೊಳಗೆ ದಿಗಂತಕ್ಕಿಂತ 6 ಡಿಗ್ರಿ ಕೆಳಗೆ ಹೋಗಿಬಿಡ್ತಾನೆ. ಅಷ್ಟರಲ್ಲಿ ಹೊರಗಿನ ಬೆಳಕು ಸುಮಾರು ಏಳು ಸ್ಟಾಪ್ ಬೀಳತ್ತೆ (ಒಂದು ಸ್ಟಾಪ್ ಇಳಿಯೋದು ಅಂದ್ರೆ ಬೆಳಕು ಅರ್ಧ ಆಗೋದು), ಅಂದ್ರೆ ಮೂರು ನಿಮಿಷಕ್ಕೊಂದು ಸಲ ಬೆಳಕು ಅರ್ಧಕ್ಕರ್ಧ. ಹಾಗಾಗಿ ನಮಗೆ ಬ್ಲೂ ಅವರ್ ಇಲ್ಲ, ಬ್ಲೂ ಕಾಲುಗಂಟೆ ಇದೆ ಅಷ್ಟೇ. ಸೂರ್ಯ ಮುಳುಗಿ ಒಂದು 12ನೇ ನಿಮಿಷದಿಂದ 25ನೇ ನಿಮಿಷದವರೆಗೆ. ಆ ಹೊತ್ತಲ್ಲಿ ಆಕಾಶದ ಬೆಳಕೂ ದೀಪದ ಬೆಳಕೂ ಒಂದೇ ಅಳತೆಗೆ ಬರತ್ತೆ, ಎರಡೂ ಒಂದೇ ಎಕ್ಸ್‌ಪೋಷರಲ್ಲಿ (ಕ್ಯಾಮೆರಾ ಒಳಗೆ ಬಿಡೋ ಬೆಳಕಿನ ಅಳತೆ) ಸಿಗತ್ತೆ. ಅದಕ್ಕಿಂತ ಮುಖ್ಯ, ಮೇಲಿಂದ ಆಕಾಶದ ಮೆತ್ತನೆ ಬೆಳಕು ಇನ್ನೂ ಬೀಳ್ತಾ ಇರೋದ್ರಿಂದ ಕೆಳಗಿನ ಫ್ಲಡ್‌ಲೈಟ್ ಮಾಡಿದ ಉಲ್ಟಾ ನೆರಳು ಪೂರ್ತಿ ಕಪ್ಪಾಗಲ್ಲ, ಛಜ್ಜಾದ ಮೇಲ್ಭಾಗದಲ್ಲಿ ನೀಲಿ ಛಾಯೆಯ ಡೀಟೇಲ್ ಉಳಿಯತ್ತೆ. ಕಲ್ಲು ಸಿಗೋದು ಈ ಹೊತ್ತಲ್ಲೇ. ಎಂಟು ಗಂಟೆಗೆ ಹೋಗಿ ಎಷ್ಟು ದುಬಾರಿ ಕ್ಯಾಮೆರಾ ಇಟ್ರೂ ಅದು ವಾಪಸ್ ಬರಲ್ಲ.

ಆದ್ರೆ ಒಂದು ತಕರಾರಿದೆ. ನಮ್ಮ ಕಾಲುಗಂಟೆ ಒಳಗೆ ದೀಪ ಹಾಕಿರ್ಬೇಕಲ್ಲ! ನವೆಂಬರಲ್ಲಿ ಬೆಂಗಳೂರಲ್ಲಿ ಸೂರ್ಯ 5.50ಕ್ಕೆ ಮುಳುಗ್ತಾನೆ, ಜುಲೈ ಶುರುವಲ್ಲಿ 6.50ಕ್ಕೆ. ಒಂದು ಗಂಟೆ ವ್ಯತ್ಯಾಸ. ದೀಪ ಹಾಕೋ ಟೈಮು ಗಡಿಯಾರ ನೋಡ್ಕೊಂಡು ಇದ್ರೆ ಕೆಲವು ತಿಂಗಳು ಹೊಂದತ್ತೆ ಕೆಲವು ತಿಂಗಳು ಹೊಂದಲ್ಲ. ಚಳಿಗಾಲದಲ್ಲಿ ದೀಪ ಬರೋಷ್ಟರಲ್ಲಿ ಆಕಾಶ ಸತ್ತಿರತ್ತೆ, ಮೇ ಜೂನ್ ಜುಲೈಯಲ್ಲಿ ಇನ್ನೂ ಬೆಳಕಿರೋವಾಗಲೇ ದೀಪ ಬರತ್ತೆ. ಅದಕ್ಕೇ ನಾನು ಮಳೆಗಾಲದ ಶುರುವಿನ ಪಕ್ಷ. ಮಳೆ ಬಂದು ನಿಂತಿರ್ಬೇಕು, ರಸ್ತೆ ಒದ್ದೆ ಇರ್ಬೇಕು, ಗಾಳೀಲಿ ಧೂಳಿರ್ಬಾರ್ದು. ಡಾಂಬರಿನ ಮೇಲೆ ಕಟ್ಟಡ ತಲೆಕೆಳಗಾಗಿ ಬೀಳತ್ತೆ, ಅದು ಬೋನಸ್ಸು. ಒದ್ದೆಯಾದ ಗ್ರಾನೈಟು ಒಂದು ಮಟ್ಟ ಗಾಢ ಆಗತ್ತೆ, ಕಲ್ಲಿನ ಕಲೆ, ಜೋಡಣೆಯ ಗೆರೆ ಎಲ್ಲ ಎದ್ದು ಬರತ್ತೆ, ಅದಕ್ಕೇ ನಾನು ಹೋಗೋದು.

ದಿಕ್ಕು. ವಿಧಾನಸೌಧದ ಮುಖ ಪೂರ್ವಕ್ಕೆ. ನೀವು ಅಂಬೇಡ್ಕರ್ ವೀದಿಯಲ್ಲಿ ಹೈಕೋರ್ಟ್ ಕಡೆ ಫುಟ್‌ಪಾತಲ್ಲಿ ನಿಂತ್ರೆ ನೋಡೋದು ಪಶ್ಚಿಮಕ್ಕೆ. ಅಂದ್ರೆ ಸಂಜೆಗೆಂಪು ಗುಮ್ಮಟದ ಹಿಂದೇನೇ ಇರತ್ತೆ, ಮುಖ ನೆರಳಲ್ಲಿರತ್ತೆ. ಹಗಲು ಫೋಟೋಗೆ ಇದು ಕಷ್ಟ, ಮುಸ್ಸಂಜೆಗೆ ಮಾತ್ರ ಅದೃಷ್ಟ, ಪೂರ್ವದ ಆಕಾಶ ಕತ್ತಲಾದ ಮೇಲೂ ಪಶ್ಚಿಮದಲ್ಲಿ ಇನ್ನೊಂದೆರಡು ನಿಮಿಷ ಬಣ್ಣ ನಿಂತಿರತ್ತೆ. ಮಾರ್ಚ್, ಸೆಪ್ಟೆಂಬರ್ ಕೊನೇ ವಾರಗಳಲ್ಲಿ ಸೂರ್ಯ ಹೆಚ್ಚುಕಮ್ಮಿ ನೇರ ಪಶ್ಚಿಮದಲ್ಲೇ ಇಳಿಯೋದು. ಡಿಸೆಂಬರಲ್ಲಿ ಎಡಕ್ಕೆ ವಿಕಾಸಸೌಧದ ಕಡೆಗೆ, ಜೂನಲ್ಲಿ ಬಲಕ್ಕೆ.

ಚಂದ್ರನ ಬಗ್ಗೆ ಎಲ್ರೂ ಕೇಳ್ತಾರೆ. ಹುಣ್ಣಿಮೆ ಚಂದ್ರ ವಿಧಾನಸೌಧದ ಮೇಲೆ ಬೇಕು ಅಂತಾರೆ. ಸ್ವಾಮಿ, ಹುಣ್ಣಿಮೆ ಚಂದ್ರ ಹುಟ್ಟೋದು ಪೂರ್ವದಲ್ಲಿ, ನಿಮ್ಮ ಬೆನ್ನ ಹಿಂದೆ, ಹೈಕೋರ್ಟ್ ಮೇಲೆ! ಗುಮ್ಮಟದ ಹಿಂದೆ ಅದು ಬರೋದು ಬೆಳಗಿನ ಜಾವ, ಮುಳುಗೋವಾಗ, ಆಗ ಅಲಂಕಾರದ ದೀಪ ಇರಲ್ಲ. ಸಂಜೆ ಪಶ್ಚಿಮದಲ್ಲಿ ಸಿಗೋದು ಬಿದಿಗೆ, ತದಿಗೆ, ಚೌತಿ ಚಂದ್ರ. ತಮಾಷೆ ಏನಂದ್ರೆ ವರ್ಷದಲ್ಲಿ ಒಳ್ಳೇ ಕಾಂಬಿನೇಷನ್ ಬೀಳೋದು ಗಣೇಶನ ಹಬ್ಬದ ದಿನ, ಸರ್ಕಾರಿ ರಜೆ, ದೀಪ ಇರತ್ತೆ, ಮೋಡ ಬಿಟ್ಟುಕೊಟ್ರೆ ಏಳೂವರೆ ಎಂಟಕ್ಕೆ ಗುಮ್ಮಟದ ಎಡಗಡೆ ಚೌತಿ ಚಂದ್ರ ಇಳೀತಾ ಇರ್ತಾನೆ, ಆದ್ರೆ ಅವತ್ತೇ ಅವನನ್ನ ನೋಡೋ ಹಾಗಿಲ್ಲ. ಕ್ಯಾಮೆರಾದ ಲೈವ್ ವ್ಯೂ ಸ್ಕ್ರೀನಲ್ಲಿ ನೋಡಿದ್ರೆ ಅಪವಾದ ಬರತ್ತಾ ಇಲ್ವಾ ಅನ್ನೋದನ್ನ ನಿಮ್ಮ ಮನೆ ಹಿರಿಯರ ಹತ್ರ ಕೇಳ್ಕೊಳ್ಳಿ, ನಾನು ಹೇಳಲ್ಲ.

ಇನ್ನೊಂದು, ಗುಮ್ಮಟದಷ್ಟೇ ದೊಡ್ಡ ಚಂದ್ರ ಇರೋ ಫೋಟೋಗಳು ವಾಟ್ಸಾಪಲ್ಲಿ ಓಡಾಡ್ತವಲ್ಲ, ಲೆಕ್ಕ ಹಾಕಿ ನೋಡಿ. ಮಧ್ಯದ ಗುಮ್ಮಟದ ಅಗಲ 60 ಅಡಿ. ಚಂದ್ರ ಆಕಾಶದಲ್ಲಿ ಅರ್ಧ ಡಿಗ್ರಿ ಅಗಲ. 60 ಅಡಿಯ ವಸ್ತು ಅರ್ಧ ಡಿಗ್ರಿಗೆ ಇಳೀಬೇಕು ಅಂದ್ರೆ ನೀವು ಸುಮಾರು 2 ಕಿಲೋಮೀಟರ್ ಹಿಂದೆ ಹೋಗಿ ನಿಲ್ಬೇಕು, ಅಷ್ಟು ದೂರದಿಂದ ನೋಡೋಕೆ ಮಧ್ಯೆ ಹೈಕೋರ್ಟು, ಮರ, ಕಟ್ಟಡ ಎಲ್ಲ ಅಡ್ಡ. ಯಾವ್ದಾದ್ರೂ ಎತ್ತರದ ಕಟ್ಟಡದ ಟೆರೇಸ್ ಸಿಕ್ಕಿದ್ರೆ ಸರಿ, ಇಲ್ಲಾಂದ್ರೆ ಇಲ್ಲ. 200 ಮೀಟರಿಂದ ತೆಗೆದ್ರೆ ಚಂದ್ರ ಆ ಕಟ್ಟಡದ ಆರಡಿ ಜಾಗಕ್ಕೆ ಸಮ ಬರ್ತಾನೆ ಅಷ್ಟೇ. ಮೆಟ್ಟಿಲು ಮುಂದೆ ನಿಂತು ತೆಗೆದ ಹಾಗಿರೋ ಫೋಟೋದಲ್ಲಿ ಚಂದ್ರ ಬಾಂಡ್ಲಿಯಷ್ಟಿದ್ರೆ ಅದು ಎರಡು ಫೋಟೋ ಅಂಟಿಸಿದ್ದು.

ಸೆಟ್ಟಿಂಗ್ಸ್ ಬೇಗ ಹೇಳ್ಬಿಡ್ತೀನಿ, ಇದು ಎಲ್ಲಾ ಕಡೆ ಸಿಗತ್ತೆ. ಟ್ರೈಪಾಡ್, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 100, ಎಫ್ 8 (ಲೆನ್ಸಿನ ಕಿಂಡಿಯ ಅಳತೆ, ಅಂಕಿ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು), ಶಟರ್ ತೆರೆದಿರೋದು 2ರಿಂದ 4 ಸೆಕೆಂಡಿನ ಆಸುಪಾಸು, ಆಕಾಶ ಕತ್ತಲಾದ ಹಾಗೆ ನೋಡ್ಕೊಂಡು ಬದಲಾಯಿಸಿ. ರಾ ಫೈಲಲ್ಲೇ (ಸೆನ್ಸರಿನ ಪೂರ್ತಿ ಮಾಹಿತಿ ಉಳಿಸೋ ಫೈಲು) ತೆಗೀರಿ. 2 ಸೆಕೆಂಡ್ ಟೈಮರ್ ಹಾಕಿ, ಬೆರಳು ತಾಗಿದ ಅದುರು ಇರಲ್ಲ. ಫೋಕಸ್ಸು ಗುಮ್ಮಟದ ಮೇಲಿನ ನಾಲ್ಕು ಸಿಂಹದ ಲಾಂಛನದ ಮೇಲೆ ಜೂಮ್ ಮಾಡಿ ಮ್ಯಾನ್ಯುಯಲ್ ಆಗಿ ಕೂರಿಸಿ, ಆಮೇಲೆ ಮುಟ್ಟಬೇಡಿ. ಲೆನ್ಸ್ ಮೇಲೆ ಯುವಿ ಫಿಲ್ಟರ್ ಇದ್ರೆ ದಯವಿಟ್ಟು ಬಿಚ್ಚಿಡಿ, ಉರಿಯೋ ದೀಪದ ಪ್ರತಿಬಿಂಬ ಫಿಲ್ಟರಲ್ಲಿ ಹೊಡೆದು ಆಕಾಶದಲ್ಲಿ ಹಸಿರು ಚುಕ್ಕಿ ಬರತ್ತೆ, ಆಮೇಲೆ ಅದನ್ನ ಅಳಿಸ್ತಾ ಕೂರ್ಬೇಕು. ದೀಪಗಳಿಂದ ನಕ್ಷತ್ರದ ಕಡ್ಡಿ ಬರಬೇಕು ಅಂತ ಎಫ್ 22 ಹಾಕೋರಿದಾರೆ, ಕಡ್ಡಿ ಬರತ್ತೆ, ಆದ್ರೆ ಡಿಫ್ರಾಕ್ಷನ್ನಿಂದ, ಅಂದ್ರೆ ಚಿಕ್ಕ ಕಿಂಡಿಯಲ್ಲಿ ಬೆಳಕು ಹರಡೋದ್ರಿಂದ, ಕಲ್ಲಿನ ಶಾರ್ಪ್‌ನೆಸ್ ಹೋಗತ್ತೆ. ನಮ್ಮ ವಿಷಯ ಕಲ್ಲು. ಎಫ್ 11 ಸಾಕು.

ನನ್ನದೊಂದು ಪರೀಕ್ಷೆ ಇದೆ. "ಸರ್ಕಾರದ ಕೆಲಸ ದೇವರ ಕೆಲಸ" ಅಂತ ಕಟ್ಟಡದ ಮೇಲಿದೆಯಲ್ಲ, ತೆಗೆದ ಫೋಟೋನ ಪೂರ್ತಿ ಜೂಮ್ ಮಾಡಿ ಆ ಬರಹದ ಹತ್ರ ಹೋಗಿ. ಅಕ್ಷರ, ಅದರ ಅಂಚು, ಸುತ್ತಲಿನ ಕಲ್ಲು ಬೇರೆ ಬೇರೆ ಕಾಣ್ತಿದ್ರೆ ಎಕ್ಸ್‌ಪೋಷರ್ ಸರಿ. ಅಕ್ಷರ ಬೆಳಕಲ್ಲಿ ಕರಗಿಹೋಗಿದ್ರೆ ಒಂದು ಸ್ಟಾಪ್ ಇಳಿಸಿ ಮತ್ತೆ ತೆಗೀರಿ. ಆ ಸಾಲು ನಿಜವೋ ಸುಳ್ಳೋ ಅಂತ ಸಭೆಯಲ್ಲಿ ಒಬ್ರು ಶುರು ಮಾಡಿದ್ರು, ಅದು ಬೇರೆ ದಿನದ ಉಪನ್ಯಾಸ.

ಬಣ್ಣದ ಎಲ್‌ಇಡಿ ಇರೋ ರಾತ್ರಿ ಇಷ್ಟು ಸಾಲಲ್ಲ. ಇಲ್ಲಿ ಸ್ವಲ್ಪ ನಿಧಾನವಾಗಿ ಕೇಳಿ, ಬಹಳ ಜನಕ್ಕೆ ಗೊತ್ತಾಗದೇ ಫೋಟೋ ಕೆಡೋದು ಇಲ್ಲೇ. ಹಳೇ ಹಳದಿ ದೀಪದಲ್ಲಿ ಕೆಂಪು, ಹಸಿರು, ಸ್ವಲ್ಪ ನೀಲಿ ಎಲ್ಲ ಬೆರೆತಿರ್ತಿತ್ತು. ನೀಲಿ ಎಲ್‌ಇಡಿಯಲ್ಲಿ ಬರೀ ನೀಲಿ, ಅದೂ ತುಂಬಾ ಕಿರಿದಾದ ಪಟ್ಟಿ. ಆಗ ಸೆನ್ಸರಿನ ನೀಲಿ ಚಾನೆಲ್ ಒಂದೇ ತುಂಬಿ ಚೆಲ್ಲತ್ತೆ, ಕೆಂಪು ಹಸಿರು ಚಾನೆಲ್ ಖಾಲಿ ಕೂತಿರತ್ತೆ. ನಿಮ್ಮ ಕ್ಯಾಮೆರಾದ ಸಾದಾ ಹಿಸ್ಟೋಗ್ರಾಂ (ಎಡಕ್ಕೆ ಕತ್ತಲು, ಬಲಕ್ಕೆ ಬೆಳಕು ತೋರಿಸೋ ಗ್ರಾಫು) ನೀಲಿಗೆ ಬಹಳ ಕಮ್ಮಿ ಬೆಲೆ ಕೊಡೋದ್ರಿಂದ "ಎಲ್ಲ ಸರಿ ಇದೆ" ಅಂತ ತೋರಿಸತ್ತೆ, ಮನೆಗೆ ಬಂದು ನೋಡಿದ್ರೆ ಗೋಡೆ ಪೂರ್ತಿ ಒಂದೇ ನೀಲಿ ಬಣ್ಣ ಬಳಿದ ಹಾಗೆ, ಒಂದು ಕಲ್ಲಿನ ಜೋಡಣೆ ಗೆರೆಯೂ ಇಲ್ಲ. ಅದಕ್ಕೆ ಮೂರು ಬಣ್ಣದ ಹಿಸ್ಟೋಗ್ರಾಂ ಆನ್ ಮಾಡ್ಕೊಳ್ಳಿ, ಯಾವ ಬಣ್ಣ ಬಲಗಡೆ ಗೋಡೆಗೆ ಹೊಡೀತಿದೆಯೋ ಅದು ಇಳಿಯೋವರೆಗೂ ಎಕ್ಸ್‌ಪೋಷರ್ ಇಳಿಸಿ, ಒಂದೂವರೆ ಸ್ಟಾಪ್ ಆದ್ರೂ ಪರವಾಗಿಲ್ಲ, ಸ್ಕ್ರೀನಲ್ಲಿ ಕತ್ತಲೆ ಕಂಡ್ರೆ ಹೆದರ್ಬೇಡಿ.

ಬಣ್ಣ ಬದಲಾಗ್ತಿದ್ರೆ ಬಿಳಿ ಬರೋವರೆಗೂ ಕಾಯಿರಿ, ತಾಳ್ಮೆ ಇರೋರಿಗೆ ಅದೇ ಸುಲಭ. ಇಲ್ಲಾಂದ್ರೆ ಇನ್ನೊಂದು ಉಪಾಯ ಇದೆ, ಇದು ನಂಗೆ ಬಹಳ ಇಷ್ಟ. ಮೊದಲು ಸುಮ್ನೆ ನಿಂತು ಮೊಬೈಲ್ ಸ್ಟಾಪ್‌ವಾಚಲ್ಲಿ ಬಣ್ಣಗಳ ಒಂದು ಸುತ್ತು ಎಷ್ಟು ಸೆಕೆಂಡಿಗೆ ಮುಗಿಯತ್ತೆ ಅಂತ ನೋಡ್ಕೊಳ್ಳಿ. ಆಮೇಲೆ ಎನ್‌ಡಿ ಫಿಲ್ಟರ್, ಅಂದ್ರೆ ಬೆಳಕು ಕಮ್ಮಿ ಮಾಡೋ ಕಪ್ಪು ಗಾಜು, ಹಾಕಿ ಅಷ್ಟೂ ಸೆಕೆಂಡು ಶಟರ್ ತೆರೆದಿಡಿ. ಬೆಳಕಿನ ಬಣ್ಣ ಒಂದರ ಮೇಲೊಂದು ಕೂಡ್ತಾ ಹೋಗತ್ತೆ, ಕೆಂಪು ಹಸಿರು ನೀಲಿ ಮೂರೂ ಕೂಡಿದ್ರೆ ಬಿಳಿ ಕಡೆಗೆ ಬರತ್ತೆ. ಅಚ್ಚ ಬಿಳಿ ಬರಲ್ಲ, ಏನೋ ಒಂದು ಛಾಯೆ ಉಳಿಯತ್ತೆ, ಆದ್ರೆ ಮೂರೂ ಚಾನೆಲಲ್ಲಿ ಮಾಹಿತಿ ಇರೋದ್ರಿಂದ ಆಮೇಲೆ ಕಂಪ್ಯೂಟರಲ್ಲಿ ಸರಿ ಮಾಡಬಹುದು, ಗ್ರಾನೈಟಿನ ಬೂದು ವಾಪಸ್ ಬರತ್ತೆ. ಸರಿ ಮಾಡೋಕೆ ಅಳತೆ ಏನು? ಹಗಲು ಮೋಡ ಕವಿದ ದಿನ ಅದೇ ಜಾಗದಿಂದ ಅದೇ ಗೋಡೆಯ ಒಂದು ಫೋಟೋ ತೆಗೆದಿಟ್ಕೊಳ್ಳಿ. ಕಲ್ಲಿನ ನಿಜವಾದ ಬಣ್ಣಕ್ಕೆ ಅದೇ ಸಾಕ್ಷಿ. ಒಮ್ಮೆ ತೆಗೆದಿಟ್ರೆ ಜೀವನಪೂರ್ತಿ ಬರತ್ತೆ, ಕಲ್ಲೇನು ಬಣ್ಣ ಬದಲಾಯಿಸಲ್ಲ.

ಇನ್ನು ನಿಲ್ಲೋ ಜಾಗ. ಕಟ್ಟಡ ಉತ್ತರ ದಕ್ಷಿಣಕ್ಕೆ 700 ಅಡಿ ಉದ್ದ, ಹತ್ರ ಹೋದಷ್ಟೂ ಕ್ಯಾಮೆರಾ ಮೇಲಕ್ಕೆತ್ತಬೇಕು, ಎತ್ತಿದಷ್ಟೂ ಕಟ್ಟಡ ಹಿಂದಕ್ಕೆ ಬೀಳ್ತಿರೋ ಹಾಗೆ ಕಾಣತ್ತೆ. ಕಂಬಗಳು ನೆಟ್ಟಗಿರಬೇಕು, ಅದರ ಗತ್ತೇ ಅಲ್ಲಿರೋದು. ಅದಕ್ಕೆ ರಸ್ತೆ ಆಚೆ ಬನ್ನಿ, ಕ್ಯಾಮೆರಾನ ಮಟ್ಟಸವಾಗಿ ಇಡಿ, ಕೆಳಗೆ ರಸ್ತೆ ಜಾಸ್ತಿ ಬರತ್ತೆ, ಬರಲಿ, ಆಮೇಲೆ ಕತ್ತರಿಸಿ. ಶಿಫ್ಟ್ ಲೆನ್ಸ್ (ಕ್ಯಾಮೆರಾ ಎತ್ತದೇ ನೋಟ ಮೇಲಕ್ಕೆ ಸರಿಸೋ ಲೆನ್ಸು) ಇದ್ದೋರು ಪುಣ್ಯವಂತರು. ಸರಿ ಮಧ್ಯಕ್ಕೆ ನಿಂತ್ರೆ 45 ಮೆಟ್ಟಿಲು, 12 ಕಂಬ, ಗುಮ್ಮಟ ಎಲ್ಲ ಸಾಲಾಗಿ ಬರತ್ತೆ, ಸರ್ಕಾರಿ ಕ್ಯಾಲೆಂಡರಿನ ಫೋಟೋ ಆಗತ್ತೆ. ನಂಗೆ ಇಷ್ಟ ಕೆ.ಆರ್. ಸರ್ಕಲ್ ಕಡೆಯಿಂದ ಬರೋ ಓರೆ ನೋಟ, ಒಂದರ ಹಿಂದೆ ಒಂದು ಛಜ್ಜಾ, ಮೂಲೆ ಗುಮ್ಮಟ, ಆಮೇಲೆ ದೊಡ್ಡ ಗುಮ್ಮಟ, ಪದರ ಪದರವಾಗಿ ಸಿಗತ್ತೆ. ಪಕ್ಕದಿಂದ ನೋಡಿದ್ರೆ ಫ್ಲಡ್‌ಲೈಟ್ ಕೂಡ ಓರೆಯಾಗಿ ಬಿದ್ದ ಹಾಗೆ ಕಾಣತ್ತೆ, ಕೆತ್ತನೆಯ ಆಳ ಉಳಿಯತ್ತೆ. ಬೇಲಿ ಅಡ್ಡ ಬಂದ್ರೆ ಲೆನ್ಸನ್ನ ಕಂಬಿಗಳ ಮಧ್ಯ ತೂರಿಸಿ. ಬಸ್ಸಿನ ಗೆರೆ ಬೇಕೇ ಬೇಕು ಅನ್ನೋರು ಕಟ್ಟಡಕ್ಕೊಂದು ಫೋಟೋ, ಗೆರೆಗೆ 15-20 ಸೆಕೆಂಡಿನ ಇನ್ನೊಂದು ಫೋಟೋ ತೆಗೆದು ಜೋಡಿಸಿ. ಬಸ್ಸಿನ ಒಳಗಿನ ದೀಪದ ಪಟ್ಟಿ ಎತ್ತರಕ್ಕೆ ಬರತ್ತೆ, ಮೆಟ್ಟಿಲನ್ನ ಮುಚ್ಚತ್ತೆ, ಆದ್ದರಿಂದ ಆಟೋ ಕಾರಿನ ಗೆರೆ ಇರೋ ಫ್ರೇಮ್ ಆರಿಸ್ಕೊಳ್ಳಿ.

ಪೊಲೀಸಿನವರ ಪ್ರಶ್ನೆ ಬಂದೇ ಬಂತು. ನೋಡಿ, ಅದು ಶಾಸನಸಭೆ, ಕಾವಲಿರತ್ತೆ, ಕೈಲಿ ಮೊಬೈಲ್ ಹಿಡಿದವರನ್ನ ಯಾರೂ ಕೇಳಲ್ಲ, ಟ್ರೈಪಾಡ್ ಮೂರು ಕಾಲು ಬಿಚ್ಚಿದ ತಕ್ಷಣ ಇದೇನೋ ಶೂಟಿಂಗು ಅಂತ ಬರ್ತಾರೆ. ನಾವೇ ಮೊದಲು ಹೋಗಿ ಸಾರ್ ಹೀಗೀಗೆ, ಹವ್ಯಾಸಕ್ಕೆ ತೆಗೀತಿರೋದು, ಫುಟ್‌ಪಾತಲ್ಲೇ ಇರ್ತೀವಿ ಅಂತ ಹೇಳಿ ಕೇಳಿದ್ರೆ ಅರ್ಧ ಸಮಸ್ಯೆ ಮುಗಿಯತ್ತೆ. ಬೇಡ ಅಂದ್ರೆ ವಾದ ಬೇಡ, ಫುಟ್‌ಪಾತಿನ ಕಂಬಿ ಮೇಲೋ ಬ್ಯಾಗ್ ಮೇಲೋ ಕ್ಯಾಮೆರಾ ಇಟ್ಟು ಟೈಮರ್ ಹಾಕಿದ್ರೂ ಕೆಲಸ ನಡೆಯತ್ತೆ. ಜಾಹೀರಾತಿಗೋ ಮದುವೆ ಶೂಟಿಗೋ ಆದ್ರೆ ಅನುಮತಿ ತಗೊಳ್ಳಲೇಬೇಕು. ಡ್ರೋನ್ ಮಾತು ಎತ್ತಲೇಬೇಡಿ.

ಕಾಪಿರೈಟ್ ಬಗ್ಗೆ ಒಬ್ಬ ಹುಡುಗಿ ಒಳ್ಳೇ ಪ್ರಶ್ನೆ ಕೇಳಿದ್ಲು, ಕಟ್ಟಡದ ವಿನ್ಯಾಸ ಯಾರದ್ದೋ, ಫೋಟೋ ಮಾರಬಹುದಾ ಅಂತ. ನಮ್ಮ 1957ರ ಕಾಪಿರೈಟ್ ಕಾಯಿದೆಯ 52ನೇ ಸೆಕ್ಷನಲ್ಲಿ ವಾಸ್ತುಶಿಲ್ಪದ ಫೋಟೋ ತೆಗೆಯೋದು, ಪ್ರಕಟ ಮಾಡೋದು ಉಲ್ಲಂಘನೆ ಅಲ್ಲ ಅಂತ ನೇರವಾಗೇ ಇದೆ. ಪ್ಯಾರಿಸ್ಸಲ್ಲಿ ಹೀಗಿಲ್ಲ, ಐಫೆಲ್ ಟವರ್ ಹಗಲು ಫೋಟೋ ಯಾರು ಬೇಕಾದ್ರೂ ಮಾರಬಹುದು, ಅದು 1889ರದ್ದು, ಹಕ್ಕಿನ ಅವಧಿ ಮುಗಿದಿದೆ. ರಾತ್ರಿ ಫೋಟೋನ ವ್ಯಾಪಾರಕ್ಕೆ ಬಳಸ್ಬೇಕಂದ್ರೆ ಮಾತ್ರ ಅನುಮತಿ ಬೇಕು, ಯಾಕಂದ್ರೆ ಲೈಟಿಂಗ್ ವಿನ್ಯಾಸಕ್ಕೆ ಬೇರೆ ಹಕ್ಕಿದೆ ಅಂತ ಅವರ ವಾದ. ನೋಡಿ, ರಾತ್ರಿ ತೆಗೆದಿದ್ದು ಕಟ್ಟಡದ ಫೋಟೋ ಅಲ್ಲ, ಲೈಟಿನ ಫೋಟೋ ಅಂತ ನಾನೊಬ್ಬನೇ ಹೇಳ್ತಿಲ್ಲ, ಫ್ರಾನ್ಸಿನ ವಕೀಲರೂ ಹೇಳ್ತಿದಾರೆ!

ಮೊಬೈಲಲ್ಲಿ ಆಗತ್ತಾ? ಆಗತ್ತೆ, ಮುಸ್ಸಂಜೆ ಕಾಲುಗಂಟೆಯಲ್ಲಿ ಆರಾಮಾಗಿ ಆಗತ್ತೆ. ನೈಟ್ ಮೋಡ್ ಹಲವಾರು ಫ್ರೇಮ್ ತೆಗೆದು ಜೋಡಿಸತ್ತೆ, ನೀವು ಎಲ್ಲಾದ್ರೂ ಒರಗಿಸಿ ಹಿಡೀಬೇಕು ಅಷ್ಟೇ. ಗುಮ್ಮಟದ ಮೇಲೆ ಬೆರಳಿಟ್ಟು ಬೆಳಕಿನ ಗುರುತನ್ನ ಕೆಳಗೆ ಎಳೀರಿ, ಮೊಬೈಲಿಗೆ ಎಲ್ಲಾನೂ ಹಗಲು ಮಾಡೋ ಚಟ. ಅಗಲದ ಲೆನ್ಸ್ ಬಳಸ್ಬೇಡಿ, ಮೂಲೆ ಗುಮ್ಮಟಗಳು ಹೊರಕ್ಕೆ ಎಳೆದ ಹಾಗೆ ಆಗತ್ತೆ. ಅಡ್ಡ ಪಟ್ಟಿ ಪಟ್ಟಿಯಾಗಿ ಬಂದ್ರೆ ಮೊಬೈಲ್ ಕೆಟ್ಟಿಲ್ಲ, ಎಲ್‌ಇಡಿ ಮಿನುಗ್ತಿರೋದು, ಶಟರ್ ನಿಧಾನ ಮಾಡಿದ್ರೆ ಹೋಗತ್ತೆ.

ಕೊನೆಗೆ, ಯಾರೂ ಹೋಗದ ರಾತ್ರಿಗಳ ಬಗ್ಗೆ. ಅಲಂಕಾರದ ದೀಪ ಇಲ್ಲದ ವಾರದ ದಿನ, ಅದರಲ್ಲೂ ಅಧಿವೇಶನ ನಡೀತಿರೋವಾಗ ಅಥವಾ ಬಜೆಟ್ ಮುಂಚೆ. ಫ್ಲಡ್‌ಲೈಟ್ ಇಲ್ಲ, ಹೊರಗೆ ಬರೀ ರಸ್ತೆ ದೀಪ, ಕಲ್ಲು ಕತ್ತಲಲ್ಲಿ ಬೂದುಬೂದಾಗಿ ಕಾಣತ್ತೆ, ಅಲ್ಲಲ್ಲಿ ಕಿಟಕಿ ಬೆಳಕು. ಮೂರನೇ ಮಹಡಿ ಅಂದ್ರೆ ಮುಖ್ಯಮಂತ್ರಿ ಕಚೇರಿ ಅಂತ ಕರ್ನಾಟಕದಲ್ಲಿ ಪೇಪರ್ ಓದೋ ಎಲ್ರಿಗೂ ಗೊತ್ತು, ಆ ಸಾಲಿನಲ್ಲಿ ಯಾವ ಕಿಟಕಿ ಉರೀತಿದೆ, ಎಷ್ಟು ಹೊತ್ತಿನವರೆಗೆ ಉರೀತಿದೆ ಅನ್ನೋದು ಫೋಟೋಗೆ ಒಂದು ಅರ್ಥ ಕೊಡತ್ತೆ, ಅದು ನೇರಳೆ ಬಣ್ಣದ ಲೈಟಿಂದ ಬರಲ್ಲ. 2019ರ ಜುಲೈ 18ರ ರಾತ್ರಿ ವಿಶ್ವಾಸಮತದ ಗಲಾಟೆಯಲ್ಲಿ ಬಿಜೆಪಿ ಶಾಸಕರು ಒಳಗೇ ಹಾಸಿಗೆ ಹಾಸ್ಕೊಂಡು ಮಲಗಿದ್ರಲ್ಲ, ಒಳಗಿನ ಫೋಟೋ ಎಲ್ಲಾ ಪತ್ರಿಕೇಲೂ ಬಂತು. ಹೊರಗಿಂದ ಆ ರಾತ್ರಿ ಆ ಕಟ್ಟಡ ಹೇಗಿತ್ತು ಅನ್ನೋ ಒಂದು ಒಳ್ಳೇ ಫೋಟೋ ನಾನಂತೂ ಇನ್ನೂ ನೋಡಿಲ್ಲ, ನಿಮ್ಮಲ್ಲಿ ಯಾರ ಹತ್ರ ಆದ್ರೂ ಇದ್ರೆ ತೋರಿಸಿ. ಅಂಥ ರಾತ್ರಿಗೆ ಐಎಸ್‌ಒ 400, ಎಫ್ 8, 15 ಸೆಕೆಂಡಿಂದ ಶುರು ಮಾಡಿ, ಕಿಟಕಿ ಬೆಳಕಲ್ಲಿ ಕರಗಿಹೋಗದ ಹಾಗೆ 2 ಸೆಕೆಂಡಿನ ಇನ್ನೊಂದು ಫ್ರೇಮ್ ಜೊತೆಗಿರಲಿ. ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ಕ್ಯಾಮೆರಾ ಹೊಂದಿಸೋದು) 4000 ಕೆಲ್ವಿನ್ನಿಂದ ಶುರು ಮಾಡಿ ಒಳಗಿನ ಟ್ಯೂಬ್‌ಲೈಟು ಬಿಳಿ ಕಾಣೋವರೆಗೂ ಬದಲಾಯಿಸಿ, ಬೀದಿ ದೀಪ ಯಾವ ಥರದ್ದು ಅನ್ನೋದರ ಮೇಲೆ ಕಲ್ಲು ಸ್ವಲ್ಪ ಬೆಚ್ಚಗೋ ತಣ್ಣಗೋ ಕಾಣಬಹುದು, ಅದನ್ನ ಮೊದಲೇ ಹೇಳಿದ ಹಗಲು ಫೋಟೋ ಪಕ್ಕದಲ್ಲಿಟ್ಟು ಹೊಂದಿಸ್ಕೊಳ್ಳಿ.